ಸೋರ್ಸ್‌ನಿಂದ ಬಿಲ್ಡ್: ಮೇಕ್‌ನಿಂದ ಈಚೆಗೆ

ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಒಂದು ಇಡೀ ಬೆಳಗ್ಗೆ ಇಲ್ಲದ ದೋಷವನ್ನು ಹುಡುಕಿದರು. ಪ್ರೋಗ್ರಾಮನ್ನು ಆಗಲೇ ಸರಿಪಡಿಸಿದ್ದರು. ತಿದ್ದಿದ ಫೈಲ್ ಮಾತ್ರ ಮತ್ತೆ ಕಂಪೈಲ್ ಆಗಿರಲಿಲ್ಲ. ಅವರ ಈ ಪಾಡು ಕಂಡ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ‘ಮೇಕ್’ ಬರೆದರು. ಯಾವ ಫೈಲಿಗೆ ಯಾವುದು ಬೇಕೆಂದು ಒಮ್ಮೆ ಬರೆದಿಟ್ಟರೆ ಸಾಕು, ಬದಲಾದಷ್ಟನ್ನೇ ಅದು ಮತ್ತೆ ಕಂಪೈಲ್ ಮಾಡುತ್ತದೆ. ಆಮೇಲೆ ಬಂದ ಸಾಧನಗಳು ಬಹುಪಾಲು ಈ ವಿಚಾರದ ಮಕ್ಕಳೇ.

ಮುಂದಿನ ತೊಡಕು ಯುನಿಕ್ಸ್‌ಗಳದ್ದು. ಒಂದರಲ್ಲಿ ಇದ್ದ ಲೈಬ್ರರಿ ಇನ್ನೊಂದರಲ್ಲಿ ಇರುತ್ತಿರಲಿಲ್ಲ. 1991ರಲ್ಲಿ ಡೇವಿಡ್ ಮೆಕೆನ್ಜಿ ಶುರುಮಾಡಿದ ಆಟೋಕಾನ್ಫ್ ಒಂದು ‘ಕಾನ್ಫಿಗರ್’ ಸ್ಕ್ರಿಪ್ಟ್ ತಯಾರಿಸಿಕೊಡುತ್ತದೆ. ಆ ಸ್ಕ್ರಿಪ್ಟು ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ನೋಡಿ, ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಪತ್ತೆ ಮಾಡುತ್ತದೆ. ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಕಮಾಂಡುಗಳು ಒಂದು ತಲೆಮಾರಿಗೆ ಬಾಯಿಪಾಠವಾದವು.

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಹಣದಲ್ಲಿ ನಡೆದ ವೈದ್ಯಕೀಯ ಚಿತ್ರಗಳ ಯೋಜನೆಯೊಂದಕ್ಕಾಗಿ 2000ದ ಸುಮಾರಿಗೆ ಕಿಟ್‌ವೇರ್ ಕಂಪನಿ ಸಿಮೇಕ್ ರೂಪಿಸಿತು. ವಿಂಡೋಸ್, ಯುನಿಕ್ಸ್ ಎರಡಕ್ಕೂ ಒಂದೇ ವಿವರಣೆ ಸಾಕೆಂಬುದು ಅದರ ಬಲ. ಗೂಗಲ್‌ನಲ್ಲಿದ್ದ ಇವಾನ್ ಮಾರ್ಟಿನ್ ಕ್ರೋಮ್ ಬ್ರೌಸರ್ ಬೇಗ ಬಿಲ್ಡ್ ಆಗಲೆಂದು ನಿಂಜಾ ಬರೆದರು. ತನ್ನದೇ ಕ್ಯೂಮೇಕ್ ಇಟ್ಟುಕೊಂಡಿದ್ದ ಕ್ಯೂಟ್ ಫ್ರೇಮ್‌ವರ್ಕ್ ಕೂಡ 2020ರ ಡಿಸೆಂಬರಿನಲ್ಲಿ, 6ನೇ ಆವೃತ್ತಿಯೊಂದಿಗೆ, ಸಿಮೇಕ್‌ಗೆ ಬಂತು.

ವೇಗ ಹೆಚ್ಚಿತು, ಎಚ್ಚರದ ಅಗತ್ಯ ಕಡಿಮೆಯಾಗಲಿಲ್ಲ. ಲಿನಕ್ಸ್‌ನಲ್ಲಿ ಕ್ಯೂಟ್ ಬಿಲ್ಡ್ ಮಾಡುವಾಗ, ಎಕ್ಸ್11 ಜೊತೆ ಮಾತಾಡುವ ಎಕ್ಸ್‌ಸಿಬಿ ಲೈಬ್ರರಿಗಳ ಡೆವಲಪ್‌ಮೆಂಟ್ ಪ್ಯಾಕೇಜುಗಳು ಇಲ್ಲದಿದ್ದರೆ ಕಾನ್ಫಿಗರ್ ಸಾರಾಂಶದಲ್ಲಿ ಅವುಗಳ ಸಾಲಿನ ಎದುರು ‘ನೋ’ ಎಂದಷ್ಟೇ ಬರುತ್ತದೆ. ಬಿಲ್ಡ್ ಯಶಸ್ವಿಯಾಗಿ ಮುಗಿಯಬಹುದು. ಎಕ್ಸ್11 ಡೆಸ್ಕ್‌ಟಾಪಿನಲ್ಲಿ ಮಾತ್ರ ಆ್ಯಪ್‌ನ ಕಿಟಕಿಯೇ ತೆರೆಯುವುದಿಲ್ಲ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ವೇಗವಲ್ಲ, ನಂಬಿಕೆ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಗಮನಿಸಿ, ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟು ಎಲ್ಲರೂ ನೋಡುವ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಯಾರೂ ಓದದ ಸಾವಿರಾರು ಸಾಲುಗಳ ಕಾನ್ಫಿಗರ್ ಅಂಥದ್ದಕ್ಕೆ ಒಳ್ಳೆಯ ಮರೆಯಾಯಿತು. ಒಂದೇ ಸೋರ್ಸ್‌ನಿಂದ ಯಾರು ಕಂಪೈಲ್ ಮಾಡಿದರೂ ಬಿಟ್ ಬಿಟ್ಟೂ ಒಂದೇ ಫೈಲ್ ಬರಬೇಕೆಂದು ಡೆಬಿಯನ್ ಬಳಗ 2013ರಿಂದ ದುಡಿಯುತ್ತಿದೆ. ಅದೊಂದರಿಂದಲೇ ಇಂಥ ದಾಳಿ ತಪ್ಪುತ್ತಿರಲಿಲ್ಲ, ನಿಜ. ಆದರೂ ಸೋರ್ಸಿಗೂ ಬೈನರಿಗೂ ನಡುವಿನ ಕತ್ತಲನ್ನು ತೊಲಗಿಸಲು ಅದು ಬೇಕೇ ಬೇಕು.

ಮುಂದಿನ ಸಲ ಬಿಲ್ಡ್ ಮಾಡುವವರು ಗಿಟ್‌ನ ಸಹಿ ಇರುವ ಟ್ಯಾಗಿನಿಂದಲೇ ಸೋರ್ಸ್ ತೆಗೆದುಕೊಳ್ಳಿ, ಕಾನ್ಫಿಗರ್ ಕೊನೆಗೆ ಕೊಡುವ ಸಾರಾಂಶವನ್ನು ಪೂರ್ತಿ ಓದಿ.