ಮಕ್ಕಳ ಧರ್ಮಶ್ರದ್ಧೆ: ಇತಿಹಾಸ ಹೇಳುವ ಪಾಠ

ಕುಮಟೆಯಿಂದ ಶಿರಸಿಗೆ ಹೋಗುವ ಮಾರ್ಗದಲ್ಲಿ, ದೇವಿಮನೆ ಘಟ್ಟವನ್ನು ಏರುವ ಮುನ್ನ ಸಿಗುವ ಊರು ಕತಗಾಲ. ಈ ಊರನ್ನು ನಡುವೆ ಇಟ್ಟುಕೊಂಡು ಸುತ್ತ ನೋಡಿದರೆ ಕರ್ನಾಟಕದ ಜೈನ ಇತಿಹಾಸದ ಒಂದು ದೊಡ್ಡ ಅಧ್ಯಾಯವೇ ತೆರೆದುಕೊಳ್ಳುತ್ತದೆ. ಪಶ್ಚಿಮಕ್ಕೆ ಮಿರ್ಜಾನದ ಕೋಟೆ. ದಕ್ಷಿಣಕ್ಕೆ ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ತೀರದಲ್ಲಿ, ಗೇರುಸೊಪ್ಪೆಯ ಚತುರ್ಮುಖ ಬಸದಿ. ಇನ್ನೂ ದಕ್ಷಿಣಕ್ಕೆ ಭಟ್ಕಳ ತಾಲೂಕಿನಲ್ಲಿ, ಸಂಗೀತಪುರವೆಂದು ಹೆಸರಾಗಿದ್ದ ಹಾಡುವಳ್ಳಿ. ಘಟ್ಟದ ಮೇಲೆ ಸೋಂದೆಯ ಸ್ವಾದಿ ಜೈನಮಠ.

ಈ ಕರಾವಳಿಯನ್ನು ಸಾಳುವ ವಂಶದ ಜೈನ ಅರಸರು ಆಳಿದರು. ಅವರಲ್ಲಿ ಪ್ರಸಿದ್ಧಳಾದ ರಾಣಿ ಚೆನ್ನಭೈರಾದೇವಿ 16ನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಅರ್ಧ ಶತಮಾನ ರಾಜ್ಯಭಾರ ಮಾಡಿದಳು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿಯೆಂದು ಕರೆದರು. ಆ ಕಾಲದ ಭಟ್ಕಳದ ಪೇಟೆಯಲ್ಲಿ ಜೈನ ಶೆಟ್ಟರು, ನವಾಯತ ಮುಸಲ್ಮಾನರು, ಸಾರಸ್ವತರು ಜೊತೆಯಲ್ಲಿ ವ್ಯಾಪಾರ ನಡೆಸಿದರು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಖೇತಪೈ ನಾರಾಯಣ ದೇವಾಲಯವೂ ಇಂದಿಗೂ ಅದೇ ಊರಿನಲ್ಲಿ ನಿಂತಿವೆ.

1606ರ ಸುಮಾರಿಗೆ ಗೇರುಸೊಪ್ಪೆ ಕೆಳದಿಯ ಹಿರಿಯ ವೆಂಕಟಪ್ಪನಾಯಕನ ವಶವಾಯಿತು. 1623ರಲ್ಲಿ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಈ ದಾರಿಯಲ್ಲಿ ಬಂದಾಗ, ಹಿಂದೆ ಮಹಾನಗರವಾಗಿದ್ದ ಗೇರುಸೊಪ್ಪೆ ಪಾಳುಬಿದ್ದು ಗಿಡಮರ ಬೆಳೆದ ಊರಾಗಿತ್ತು. ಎರಡು ದಶಕಗಳೂ ತುಂಬಿರಲಿಲ್ಲ. ರಾಜಾಶ್ರಯ ತಪ್ಪಿತು, ಪೇಟೆ ಮುರಿಯಿತು, ಜನ ಚದುರಿದರು. ಬಸದಿಯ ಕಲ್ಲು ಉಳಿಯಿತು; ದೀಪ ಹಚ್ಚುವ ಕೈಗಳು ವಿರಳವಾದವು.

ಅರಸರ ದತ್ತಿಯಿಂದ ಬಸದಿಗಳು ಏಳಬಹುದು. ಆದರೆ ಧರ್ಮ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಮನೆಗಳಲ್ಲಿ, ಮಕ್ಕಳ ಮನಸ್ಸಿನಲ್ಲಿ. ಹಾಗಾದರೆ ಅದು ದಾಟುವ ಬಗೆ ಯಾವುದು? ತಂದೆತಾಯಿಗಳ ಆಜ್ಞೆಯಿಂದಲೋ, ಮಕ್ಕಳ ಸ್ವಂತ ವಿಚಾರದಿಂದಲೋ? ಮಗ ಬಸದಿಗೆ ಬರುವುದಿಲ್ಲ, ಮಗಳು ಪ್ರತಿಯೊಂದಕ್ಕೂ ಕಾರಣ ಕೇಳುತ್ತಾಳೆ ಎಂದು ಕಳವಳಪಡುವ ಶ್ರಾವಕ ಕುಟುಂಬಗಳಿಗೆ ಈ ಪ್ರಶ್ನೆ ಹೊಸದೆನಿಸಬಹುದು. ಕನ್ನಡ ನಾಡಿನ ಜೈನ ಇತಿಹಾಸಕ್ಕೆ ಅದು ಹೊಸದಲ್ಲ.

ಶಾಂತಲೆಯ ತವರುಮನೆ

ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯ ಹೆಸರನ್ನು ಅರಿಯದ ಜೈನರಿಲ್ಲ. 1123ರಲ್ಲಿ ಆಕೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ಬಸದಿಯ ಹೆಸರನ್ನು ನೆನೆಯುವವರು ಆಕೆಯ ತವರುಮನೆಯನ್ನು ನೆನೆಯುವುದು ಅಪರೂಪ. ಶಾಸನಗಳ ಪ್ರಕಾರ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ದರ್ಶನಗಳು. ಮಗಳು ತಾಯಿಯ ದಾರಿ ಹಿಡಿದಳು. ತಂದೆ ತನ್ನ ದಾರಿಯಲ್ಲೇ ಉಳಿದನು.

ಮದುವೆಯ ನಂತರವೂ ಕಥೆ ಇದೇ ಬಗೆಯದು. ವಿಷ್ಣುವರ್ಧನನು ಶ್ರೀವೈಷ್ಣವಕ್ಕೆ ಒಲಿದದ್ದು, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಮಾಡಿಸಿದ್ದು ಪ್ರಸಿದ್ಧ. ಅದಾದ ಆರು ವರ್ಷಗಳ ಮೇಲೆ ಪಟ್ಟದರಸಿ ಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ದೋರಸಮುದ್ರದ ಹೊಯ್ಸಳೇಶ್ವರ ದೇವಾಲಯದಲ್ಲಿ ಅರಸನ ಹೆಸರಿನ ಲಿಂಗದ ಜೊತೆಗೆ ಜೈನ ರಾಣಿಯ ಹೆಸರಿನ ಶಾಂತಲೇಶ್ವರ ಲಿಂಗವೂ ಇದೆ. 1133ರಲ್ಲಿ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಅದೇ ನಗರದಲ್ಲಿ ಪಾರ್ಶ್ವನಾಥರನ್ನು ಪ್ರತಿಷ್ಠಾಪಿಸಿದಾಗ, ಯುದ್ಧದ ಗೆಲುವು ಮತ್ತು ಪುತ್ರಜನನದ ಸಂತೋಷದಲ್ಲಿದ್ದ ಅರಸನು ಆ ಜಿನಬಿಂಬಕ್ಕೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು.

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ದೇಹಬಿಟ್ಟಳು. ಮಗಳನ್ನು ಕಳೆದುಕೊಂಡ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತವನ್ನು ಸ್ವೀಕರಿಸಿದಳು. ತಾಯಿಯ ಶ್ರದ್ಧೆ ಮಗಳಿಗೆ ಹೇಗೆ ಬಂದಿತೆಂಬುದಕ್ಕೆ ಈ ಕೊನೆಯ ವ್ರತವೇ ಸಾಕ್ಷಿ. ತಾನು ಬಾಳಿನಲ್ಲಿ ನಡೆಸಿದ್ದನ್ನೇ ಆಕೆ ಸಾವಿನಲ್ಲಿಯೂ ನಡೆಸಿದಳು. ಅಂಥ ತಾಯಿಯ ಬಳಿ ಬೆಳೆದ ಮಗುವಿಗೆ ಬೋಧನೆಗಿಂತ ಮೊದಲು ನಡತೆಯೇ ಕಣ್ಣಿಗೆ ಬೀಳುತ್ತದೆ.

ಈ ಕಥೆಯಲ್ಲಿ ಜೈನ ಓದುಗರು ಗಮನಿಸಬೇಕಾದ ಇನ್ನೊಂದು ಮುಖವಿದೆ. ಶಾಂತಲೆಯ ಜಿನಭಕ್ತಿಯ ಬಗ್ಗೆ ಸಮಾಜ ಹೆಮ್ಮೆಪಡುತ್ತದೆ. ಅದನ್ನೇ ಮಾರಸಿಂಗಯ್ಯನ ಕಡೆಯಿಂದ ನೋಡಿದರೆ, ಮಗಳು ತಂದೆಯ ಧರ್ಮವನ್ನು ಹಿಡಿಯಲಿಲ್ಲ. ಒಬ್ಬ ಶೈವ ತಂದೆ ತನ್ನ ಮನೆಯಲ್ಲಿ ಇದಕ್ಕೆ ಅವಕಾಶವಿತ್ತದ್ದರಿಂದ ಜೈನ ಸಮಾಜಕ್ಕೆ ಶಾಂತಲೆ ದೊರೆತಳು. ಅಂಥ ಔದಾರ್ಯದ ಫಲವನ್ನು ಉಂಡ ಸಮಾಜ ತನ್ನ ಮಕ್ಕಳ ವಿಷಯದಲ್ಲಿ ಎಷ್ಟು ಉದಾರವಾಗಬಲ್ಲದು?

ಹಿರಿಯರ ಧರ್ಮವನ್ನು ಬಿಟ್ಟ ತಂದೆ

ಶಾಂತಲೆಗಿಂತ ಸುಮಾರು ಎರಡು ಶತಮಾನ ಹಿಂದಿನ ಪಂಪನ ಮನೆಯಲ್ಲಿಯೂ ಇದೇ ಪ್ರಶ್ನೆ ಕಾಣಿಸುತ್ತದೆ. ಆದಿಕವಿಯ ವಂಶದಲ್ಲಿ ಯಜ್ಞಯಾಗಗಳನ್ನು ಮಾಡಿದ ಮಾಧವ ಸೋಮಯಾಜಿಯೆಂಬ ಹಿರಿಯನಿದ್ದನು. ಅದೇ ವಂಶದ ಅಭಿರಾಮದೇವರಾಯನು, ಎಂದರೆ ಪಂಪನ ತಂದೆ ಭೀಮಪಯ್ಯನು, ವಿಚಾರ ಮಾಡಿ ಜೈನಧರ್ಮವನ್ನು ಸ್ವೀಕರಿಸಿದನು. ಯಾವ ಅರಸನ ಒತ್ತಾಯವೂ ಅದಕ್ಕೆ ಕಾರಣವೆಂದು ಕವಿ ಹೇಳುವುದಿಲ್ಲ. ಉತ್ತಮ ಧರ್ಮ ಯಾವುದೆಂಬ ತೀರ್ಮಾನ ತಂದೆಯದೇ ಆಗಿತ್ತು.

ಪಂಪನು ಈ ಸಂಗತಿಯನ್ನು ಬರೆದ ರೀತಿಯೂ ಗಮನಾರ್ಹ. ಯಜ್ಞದ ಹಿಂಸೆಯ ಬಗೆಗೆ ತನ್ನ ಅಸಮ್ಮತಿಯನ್ನು ಅವನು ಮುಚ್ಚಿಡುವುದಿಲ್ಲ. ಯಜ್ಞ ಮಾಡಿದ ಹಿರಿಯನ ಹೆಸರನ್ನೂ ಮುಚ್ಚಿಡುವುದಿಲ್ಲ. ಒಂದು ಕೃತಿಯಲ್ಲಿ ಆದಿತೀರ್ಥಂಕರರ ಚರಿತೆಯನ್ನೂ ಇನ್ನೊಂದರಲ್ಲಿ ಭಾರತದ ಕಥೆಯನ್ನೂ ಹೇಳಿದನು. ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬೆಟ್ಟದ ಮೇಲೆ ಜಿನಬಿಂಬಗಳನ್ನು ಮಾಡಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನ ಬರೆಯಿಸಿದನು. ತಂದೆಯ ಆಯ್ಕೆ ಮಕ್ಕಳಲ್ಲಿ ಹೀಗೆ ಹೂ ಬಿಟ್ಟಿತು.

ಭೀಮಪಯ್ಯನು ಹಿರಿಯರ ದಾರಿಯೇ ತನ್ನ ದಾರಿಯೆಂದು ಸುಮ್ಮನಿದ್ದಿದ್ದರೆ ಕನ್ನಡದ ಆದಿಪುರಾಣ ಎಲ್ಲಿರುತ್ತಿತ್ತು? ಇನ್ನೂ ಹಿಂದಕ್ಕೆ ಹೋದರೆ, ವರ್ಧಮಾನ ಸ್ವಾಮಿಯ ಪ್ರಥಮ ಗಣಧರರಾದ ಇಂದ್ರಭೂತಿ ಗೌತಮರು ವೇದಪಾರಂಗತ ಬ್ರಾಹ್ಮಣರು. ಉತ್ತರ ಹೊಳೆಯದ ಒಂದು ಪ್ರಶ್ನೆಯನ್ನು ಹೊತ್ತು ಅವರು ಸಮವಸರಣಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಹುಟ್ಟಿನಿಂದ ಬಂದುದನ್ನು ವಿಚಾರಿಸಿ ನೋಡಿದವರಿಂದಲೇ ಜಿನಶಾಸನ ಬೆಳೆಯಿತು. ವಿಚಾರ ಮಾಡಬೇಡವೆಂದು ಮಕ್ಕಳಿಗೆ ಹೇಳುವ ಜೈನ ತಂದೆತಾಯಿಗಳು ಈ ಪರಂಪರೆಗೆ ಎದುರಾಗಿ ನಿಲ್ಲುತ್ತಾರೆ.

ಶಾಸ್ತ್ರದ ಮಾತು

ಶಾಸ್ತ್ರವಾದರೂ ಬೇರೆ ಹೇಳುವುದಿಲ್ಲ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಸಮ್ಯಗ್ದರ್ಶನ ಎರಡು ಬಗೆಯಲ್ಲಿ ಉದಿಸುತ್ತದೆಂದು ಆಚಾರ್ಯರು ತಿಳಿಸಿದ್ದಾರೆ: ನಿಸರ್ಗದಿಂದ ಅಥವಾ ಅಧಿಗಮದಿಂದ. ತಾನಾಗಿ ಅರಳುವುದು ಒಂದು, ಉಪದೇಶ ಪಡೆದು ಅರಿತುಕೊಳ್ಳುವುದು ಇನ್ನೊಂದು. ಬಲಾತ್ಕಾರಕ್ಕೆ ಇಲ್ಲಿ ಸ್ಥಾನವಿಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ದೇವತೆಗಳು ಬಂದು ಸೇವಿಸುತ್ತಾರೆ, ಆಕಾಶದಲ್ಲಿ ಗಮನವಿದೆ ಎಂಬ ಕಾರಣದಿಂದ ಜಿನೇಂದ್ರರನ್ನು ದೊಡ್ಡವರೆಂದು ಒಪ್ಪಬೇಕಾಗಿಲ್ಲ, ಇಂಥವು ಮಾಯಾವಿಗಳಲ್ಲಿಯೂ ಕಾಣುತ್ತವೆ ಎಂದು ಹೇಳಿ, ದೋಷರಾಹಿತ್ಯ ಮತ್ತು ಯುಕ್ತಿಗೆ ವಿರೋಧವಿಲ್ಲದ ವಚನ ಇವುಗಳಿಂದ ಆಪ್ತನನ್ನು ಪರೀಕ್ಷಿಸುತ್ತಾರೆ. ಈ ಗ್ರಂಥಕ್ಕೆ ಅಕಲಂಕರು ಅಷ್ಟಶತಿಯನ್ನೂ ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು. ಆಪ್ತನನ್ನೇ ಪರೀಕ್ಷೆಗೆ ಒಡ್ಡಿದ ಧರ್ಮದಲ್ಲಿ ಮಗುವಿನ ಪ್ರಶ್ನೆ ಅಪರಾಧವಾಗಲಾರದು.

ನಿಃಶಂಕಿತವು ಸಮ್ಯಗ್ದರ್ಶನದ ಮೊದಲ ಅಂಗವಲ್ಲವೇ, ಪ್ರಶ್ನೆ ಕೇಳಿದರೆ ಅದಕ್ಕೆ ಭಂಗ ಬಾರದೇ ಎಂದು ಕೆಲವರು ಕೇಳಬಹುದು. ಸಂಶಯವೇ ಬೇರೆ, ಜಿಜ್ಞಾಸೆಯೇ ಬೇರೆ. ಸಂಶಯ ಎರಡರ ನಡುವೆ ತೂಗಾಡುತ್ತ ನಿಲ್ಲುತ್ತದೆ. ಜಿಜ್ಞಾಸೆ ಅರಿವಿನ ಕಡೆಗೆ ನಡೆಯುತ್ತದೆ. ಪುರಾಣಗಳು ಶ್ರೇಣಿಕ ಮಹಾರಾಜನ ಪ್ರಶ್ನೆಗಳಿಗೆ ಗೌತಮ ಗಣಧರರು ಕೊಟ್ಟ ಉತ್ತರಗಳಾಗಿ ಮೂಡಿವೆ. ಶ್ರೇಣಿಕನು ಬಾಯಿಮುಚ್ಚಿ ಕುಳಿತಿದ್ದರೆ ಪುರಾಣವೇ ಇರುತ್ತಿರಲಿಲ್ಲ.

ಹಾಗೆಂದು ಎಲ್ಲವೂ ಒಂದೇ, ಯಾವುದಾದರೂ ಆದೀತು ಎಂದು ಕೈಬಿಡುವುದು ಸ್ವಾತಂತ್ರ್ಯವಲ್ಲ. ಮಿಥ್ಯಾತ್ವದ ಐದು ಬಗೆಗಳಲ್ಲಿ ಆಚಾರ್ಯರು ವೈನಯಿಕವನ್ನೂ ಅಜ್ಞಾನವನ್ನೂ ಎಣಿಸಿದ್ದಾರೆ. ಗುಣದೋಷಗಳನ್ನು ಅರಿಯದೆ ಎಲ್ಲಕ್ಕೂ ಸಮಾನವಾಗಿ ತಲೆಬಾಗುವುದು ವೈನಯಿಕ. ಅರ್ಥ ತಿಳಿಯದೆ ಬಸದಿಯಲ್ಲಿ ಕೈಮುಗಿಯುವ ಮಗುವೂ, ಏನನ್ನೂ ಕಲಿಯದೆ ಎಲ್ಲ ಧರ್ಮಗಳೂ ಒಂದೇ ಎನ್ನುವ ಯುವಕನೂ ಈ ದೃಷ್ಟಿಯಿಂದ ಬಹಳ ದೂರದವರಲ್ಲ. ಇಬ್ಬರಿಗೂ ತಿಳಿವಳಿಕೆ ದೊರೆತಿಲ್ಲ. ಆಯ್ಕೆ ಮಾಡಬೇಕಾದರೆ ಆಯ್ದುಕೊಳ್ಳುವುದಕ್ಕೆ ಏನಾದರೂ ಕೈಯಲ್ಲಿರಬೇಕು. ಅದನ್ನು ಕೊಡುವುದು ತಂದೆತಾಯಿಗಳ ಕರ್ತವ್ಯ. ಕೊಟ್ಟ ಮೇಲೆ ತೀರ್ಮಾನ ಮಕ್ಕಳದು.

ಎಂಟು ವರ್ಷ ದಾಟಿದ ಮನುಷ್ಯನು ಸಮ್ಯಕ್ತ್ವಕ್ಕೆ ಅರ್ಹನೆಂದು ಆಗಮ ಹೇಳುತ್ತದೆ. ಅದಕ್ಕೆ ಮುಂಚೆ ಸಂಸ್ಕಾರ, ನಂತರ ವಿವೇಕ ಎಂಬ ಕ್ರಮ ಇದರಲ್ಲಿ ಅಡಗಿದೆ. ಆಧುನಿಕ ಜಗತ್ತು ಇದಕ್ಕೆ ಬಹಳ ತಡವಾಗಿ ಬಂದಿತು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 1992ರಲ್ಲಿ ಭಾರತವೂ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿ ಮಗುವಿನ ವಿಚಾರ, ಅಂತಃಸಾಕ್ಷಿ, ಧರ್ಮಗಳ ಸ್ವಾತಂತ್ರ್ಯವನ್ನು ಮಾನ್ಯ ಮಾಡುತ್ತದೆ. ಮಗುವಿನ ಬೆಳೆಯುವ ಶಕ್ತಿಗೆ ತಕ್ಕಂತೆ ದಾರಿ ತೋರುವ ತಂದೆತಾಯಿಗಳ ಹಕ್ಕನ್ನೂ ಹೇಳುತ್ತದೆ.

ಮರೀಚಿಯ ಕಥೆ

ಮಕ್ಕಳು ಬೇರೆ ದಾರಿ ಹಿಡಿದರೆ ಏನು ಗತಿ ಎಂಬ ಭಯ ಸಹಜ. ಆ ಭಯಕ್ಕೆ ಉತ್ತರ ಪ್ರಥಮಾನುಯೋಗದಲ್ಲಿದೆ. ಆದಿನಾಥ ಸ್ವಾಮಿಯ ಮೊಮ್ಮಗ, ಭರತ ಚಕ್ರವರ್ತಿಯ ಮಗ ಮರೀಚಿ. ಅಜ್ಜನೊಡನೆ ದೀಕ್ಷೆ ಪಡೆದ ಅವನು ಪರೀಷಹಗಳನ್ನು ತಾಳಲಾರದೆ ಹಿಂಜರಿದು ಬೇರೊಂದು ಮತವನ್ನೇ ನಡೆಸಿದನು. ಸಾಕ್ಷಾತ್ ತೀರ್ಥಂಕರರ ಮನೆಯಲ್ಲೇ ಹೀಗಾಯಿತು. ಆಗಲೂ ಅವನನ್ನು ಬಲವಂತದಿಂದ ಹಿಂದಿರುಗಿಸಲಿಲ್ಲ. ತಪ್ಪು ದಾರಿಯ ಫಲವಾಗಿ ಆ ಜೀವ ಬಹುಕಾಲ ಭವಗಳಲ್ಲಿ ತೊಳಲಿತೆಂಬುದನ್ನು ಪುರಾಣ ಮರೆಮಾಡುವುದಿಲ್ಲ. ಅದೇ ಜೀವ ಕೊನೆಗೆ ಮಹಾವೀರ ಸ್ವಾಮಿಯಾಗಿ ಜನಿಸಿತೆಂಬುದನ್ನೂ ಅದೇ ಪುರಾಣ ಹೇಳುತ್ತದೆ. ತಪ್ಪಿದ ಮಗುವಿಗೆ ಮನೆಯ ಬಾಗಿಲನ್ನು ಮುಚ್ಚುವವರು ಈ ಕಥೆಯ ಉತ್ತರಾರ್ಧವನ್ನು ಓದಬೇಕು.

ಇಂದಿನ ಕರ್ತವ್ಯ

ಬೇರೆ ಧರ್ಮದ ನೆರೆಯಲ್ಲಿ ಬೆಳೆದರೆ ಮಕ್ಕಳ ಶ್ರದ್ಧೆ ಕರಗುತ್ತದೆಂಬ ಮಾತಿಗೂ ಆಧಾರ ಸಾಲದು. ಧರ್ಮಸ್ಥಳದ ಹೆಗ್ಗಡೆಯವರ ಮನೆತನ ಜೈನ; ಕ್ಷೇತ್ರದ ಸ್ವಾಮಿ ಮಂಜುನಾಥ; ಪೂಜೆ ಮಾಡುವವರು ಮಾಧ್ವ ವೈಷ್ಣವರು. ತಲೆಮಾರುಗಳಿಂದ ಆ ಮನೆಯ ಮಕ್ಕಳು ಈ ಮೂರರ ನಡುವೆ ಬೆಳೆದಿದ್ದಾರೆ. 1982ರಲ್ಲಿ ಅಲ್ಲಿ ಪ್ರತಿಷ್ಠಾಪನೆಗೊಂಡ 39 ಅಡಿಯ ಬಾಹುಬಲಿ ಮೂರ್ತಿ ಆ ಮನೆತನದ ಜಿನಭಕ್ತಿಗೆ ಸಾಕ್ಷಿ. ಅದನ್ನು ಕಡೆದವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಸೋಂದೆಯೆಂಬ ಒಂದೇ ಊರಿನ ಆಸುಪಾಸಿನಲ್ಲಿ ಜೈನಮಠ, ಮಾಧ್ವರ ವಾದಿರಾಜ ಮಠ, ಸ್ಮಾರ್ತರ ಸ್ವರ್ಣವಲ್ಲಿ ಮಠ ಮೂರೂ ಇವೆ. ಆ ಸೀಮೆಯ ಮಗು ಮೂರು ದರ್ಶನಗಳ ಹೆಸರನ್ನು ಕೇಳಿಯೇ ಬೆಳೆಯುತ್ತದೆ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ಜೀರ್ಣೋದ್ಧಾರಕ್ಕೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಮಕ್ಕಳ ಪ್ರಶ್ನೆಗಳಿಗೆ ಕೊಡುವುದು ಯುಕ್ತ. ಪಾಠಶಾಲೆಯಲ್ಲಿ ಣಮೋಕಾರ ಮಂತ್ರವನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ಪಂಚಪರಮೇಷ್ಠಿಗಳಿಗೆ ಏಕೆ ನಮಿಸಬೇಕೆಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳುವಂತಾಗಬೇಕು. ರಾತ್ರಿಭೋಜನ ತ್ಯಾಗವನ್ನು ಕಲಿಸುವಾಗ ಅದರ ಹಿಂದಿನ ಅಹಿಂಸೆಯನ್ನು ವಿವರಿಸಬೇಕು. ಅನೇಕಾಂತವನ್ನು ಪರೀಕ್ಷೆಯ ಉತ್ತರವಾಗಿ ಮಾತ್ರ ಕಲಿಸದೆ, ಒಂದೇ ವಿಷಯವನ್ನು ಎರಡು ಕಡೆಯಿಂದ ವಾದಿಸುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು. ನೆರೆಯವರ ದೇವರನ್ನು ಹೀಯಾಳಿಸುವ ಮಾತು ಮನೆಯಲ್ಲಿ ಬರಬಾರದು. ಉತ್ತರ ತಿಳಿಯದ ಪ್ರಶ್ನೆ ಬಂದಾಗ ಗದರದೆ, ತ್ಯಾಗಿಗಳಲ್ಲಿ, ಪಂಡಿತರಲ್ಲಿ ಒಟ್ಟಿಗೆ ಹೋಗಿ ಕೇಳುವ ವಿನಯವನ್ನು ಹಿರಿಯರು ತೋರಬೇಕು. ಚಾತುರ್ಮಾಸದ ದಿನಗಳು ಇದಕ್ಕೆ ಒಳ್ಳೆಯ ಅವಕಾಶ.

ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಯಾವ ಬಾಗಿಲಿನಿಂದ ಒಳಬಂದರೂ ಎದುರಿಗೆ ಜಿನಬಿಂಬವಿರಲೆಂಬುದು ಅದನ್ನು ಕಟ್ಟಿದವರ ಆಶಯ. ಆ ಬಾಗಿಲುಗಳಿಂದ ಹೊರಗೂ ಹೋಗಬಹುದೆಂಬುದು ಅವರಿಗೆ ತಿಳಿದೇ ಇತ್ತು. ತಂದೆತಾಯಿಗಳು ತಮ್ಮ ಮನೆಯನ್ನು ಹಾಗೆ ಕಟ್ಟಿಕೊಂಡರೆ, ಒಳಗೆ ಉಳಿಯುವ ಮಕ್ಕಳು ಅರಿತು ಉಳಿಯುತ್ತಾರೆ. ಅಂಥವರ ಕೈಯಲ್ಲಿ ಧರ್ಮ ಯಾವ ರಾಜಾಶ್ರಯವನ್ನೂ ಕಾಯದೆ ನಿಲ್ಲುತ್ತದೆ.