ಹದದ ಕಾಲ, ಗಂಟೆಯ ಕಾಲ

ಹೋದ ಮುಂಗಾರಿನಲ್ಲಿ ಅಪ್ಪ ಫೋನ್ ಮಾಡಿದ್ರು. "ಹದ ಆಗೈತೆ, ನಾಳೆನೇ ಕಡಲೆಕಾಯಿ ಬಿತ್ಬೇಕು, ಬಾರಪ್ಪ." ನಾನು ರಜೆ ಹಾಕಿದ್ದು ಮುಂದಿನ ಸೋಮವಾರಕ್ಕೆ. ಊರಿಗೆ ಹೋಗುವಷ್ಟರಲ್ಲಿ ಅಪ್ಪ ಅರ್ಧ ಹೊಲ ಬಿತ್ತಿದ್ದರು. ಉಳಿದರ್ಧದಲ್ಲಿ ತೇವ ಆರಿಹೋಗಿತ್ತು. ಬೈಯಲಿಲ್ಲ. "ನಿನ್ ಸೋಮವಾರ ಮಳೆಗೆ ಗೊತ್ತಿರ್ಲಿಲ್ಲ ಕಣಪ್ಪ" ಅಂದ್ರು, ಅಷ್ಟೆ.

ಸ್ವಂತ ಕಸುಬಿನವರ ಸಮಯ ಮತ್ತು ಸಂಬಳದವರ ಸಮಯ ಬೇರೆ ಬೇರೆ ಅಂತ ಅವತ್ತು ಅರ್ಥವಾಯ್ತು. ಇದು ಹಳೆಯ ಕಥೆ.

ಸಮಯವೆಂದರೆ ಹಣ ಎಂಬ ಮಾತನ್ನು ನಮಗೆ ಆಫೀಸುಗಳಲ್ಲಿ ಹೇಳುತ್ತಾರೆ. ಅದನ್ನು ಜನಪ್ರಿಯಗೊಳಿಸಿದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ ಬುದ್ಧಿ ಹೇಳಿದ್ದು ನೌಕರನಿಗಲ್ಲ, ಸ್ವಂತ ವ್ಯಾಪಾರಕ್ಕೆ ಇಳಿದ ಯುವಕನಿಗೆ. ದಿನಕ್ಕೆ 10 ಶಿಲ್ಲಿಂಗ್ ದುಡಿಯಬಲ್ಲವನು ಅರ್ಧ ದಿನ ಅಡ್ಡಾಡಿ 6 ಪೆನ್ಸ್ ಖರ್ಚು ಮಾಡಿದರೆ ಕಳೆದದ್ದು 6 ಪೆನ್ಸ್ ಮಾತ್ರವಲ್ಲ, ದುಡಿಯದೇ ಬಿಟ್ಟ 5 ಶಿಲ್ಲಿಂಗ್ ಕೂಡ ಅನ್ನೋದು ಅವರ ಲೆಕ್ಕ. ಅದೇ ವರ್ಷ, 42ನೇ ವಯಸ್ಸಿಗೆ, ಅವರು ಮುದ್ರಣಾಲಯವನ್ನು ಪಾಲುದಾರ ಡೇವಿಡ್ ಹಾಲ್ ಕೈಗೆ ಒಪ್ಪಿಸಿ, ಲಾಭದ ಪಾಲು ಪಡೆಯುತ್ತಾ ವಿದ್ಯುತ್ತಿನ ಪ್ರಯೋಗಗಳಲ್ಲಿ ತೊಡಗಿದರು. ಉಳಿಸಿದ ಸಮಯ ಅವರದ್ದೇ ಆಯಿತು.

ಕೂಲಿಯವನು ಉಳಿಸಿದ ಸಮಯ ಯಾರದ್ದು? 1906ರ ಜನವರಿ 1ರಂದು ಸರ್ಕಾರ ಭಾರತೀಯ ಕಾಲಮಾನ ಜಾರಿಗೆ ತಂದಿತು. ಅದು ಬೊಂಬಾಯಿಯ ಸ್ಥಳೀಯ ಸಮಯಕ್ಕಿಂತ 39 ನಿಮಿಷ ಮುಂದೆ. ಗಿರಣಿಯ ಗಡಿಯಾರ ಬದಲಾದರೆ, ಸೂರ್ಯನ ಲೆಕ್ಕದಲ್ಲಿ ಕಾರ್ಮಿಕ 39 ನಿಮಿಷ ಮೊದಲೇ ಏಳಬೇಕು. ಆ ಜನವರಿಯಲ್ಲಿ ಸಾವಿರಾರು ಹತ್ತಿ ಗಿರಣಿ ಕಾರ್ಮಿಕರು ಕೆಲಸಕ್ಕೆ ಹೋಗದೆ ಕಲ್ಲು ತೂರಿದರು. ಗಡಿಯಾರದ ಮುಳ್ಳು ತಿರುಗಿಸಿದವರು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ನಾನೂ ಅದೇ ಸಾಲಿನವನು. ದಿನದ 8 ಗಂಟೆಯನ್ನು ಟೈಮ್‌ಶೀಟಿನಲ್ಲಿ ತುಂಬಿ ಮಾರುತ್ತೇನೆ. ಬೇಗ ಮುಗಿಸಿದರೆ ಇನ್ನೊಂದು ಕೆಲಸ ಬರುತ್ತೆ. ಅಪ್ಪನಿಗೆ ಗಂಟೆ ಲೆಕ್ಕವಿಲ್ಲ. ಹದ ಬಂದಾಗ ರಾತ್ರಿ ಹಗಲು ದುಡಿಮೆ, ಆಮೇಲೆ ತಿಂಗಳುಗಟ್ಟಲೆ ಕಾಯೋದು.

ಹಾಗಂತ ಅವರದ್ದೇ ಸುಖ ಅನ್ನಲಾರೆ. ಮಳೆ ಕೈಕೊಟ್ಟ ವರ್ಷ ಮನೆ ನಡೆದದ್ದು ತಿಂಗಳ ಕೊನೆಗೆ ತಪ್ಪದೆ ಬಂದ ನನ್ನ ಸಂಬಳದಿಂದ. ಕಾಯುವ ಧೈರ್ಯ ಅವರದ್ದು, ಕಾಯಲು ಬೇಕಾದ ದುಡ್ಡು ನನ್ನದು. ಫ್ರಾಂಕ್ಲಿನ್‌ಗೆ ಎರಡೂ ಇದ್ದವು.

ಈ ಸಲ ಮ್ಯಾನೇಜರಿಗೆ ತಾರೀಖು ಹೇಳಿಲ್ಲ. "ಮಳೆ ಬಿದ್ದ ದಿನ ಹೇಳ್ತೀನಿ ಸಾರ್, ಮಾರನೇ ದಿನದಿಂದ ಮೂರು ದಿನ ರಜೆ" ಅಂದೆ. ಅವರು ನಕ್ಕರು. ಒಪ್ಪಿದರೋ ಇಲ್ಲವೋ, ಮಳೆ ಬಿದ್ದ ಮೇಲೆ ಗೊತ್ತಾಗುತ್ತೆ.