ನೋವಿಗೆ ಮದ್ದು ಮೊದಲೋ, ರೋಗದ ಪತ್ತೆ ಮೊದಲೋ?

ನಡುರಾತ್ರಿ ಹೊಟ್ಟೆನೋವಿನಿಂದ ಒದ್ದಾಡುತ್ತ ಆಸ್ಪತ್ರೆಗೆ ಬಂದವರಿಗೆ ‘ಸ್ವಲ್ಪ ತಡೆದುಕೊಳ್ಳಿ, ಸರ್ಜನ್ ಬಂದು ನೋಡಲಿ, ಆಮೇಲೆ ಇಂಜೆಕ್ಷನ್ ಕೊಡೋಣ’ ಎನ್ನುವ ಮಾತು ಹೊಸದಲ್ಲ. ಹಾಗೆನ್ನುವ ವೈದ್ಯರು ನಿರ್ದಯಿಗಳೇನೂ ಅಲ್ಲ. ಅವರ ಗುರುಗಳು ಅವರಿಗೆ ಹಾಗೆಯೇ ಕಲಿಸಿದ್ದರು. ಆ ಗುರುಗಳಿಗೆ ಅವರ ಗುರುಗಳು. ಸುಮಾರು ಮುಕ್ಕಾಲು ಶತಮಾನ ಆಸ್ಪತ್ರೆಗಳನ್ನು ಆಳಿದ ಈ ಪಾಠ ಹುಟ್ಟಿದ್ದು ಹೇಗೆ, ಅಳಿಸಿದ್ದು ಹೇಗೆ ಎಂಬುದು ವೈದ್ಯಕೀಯ ಇತಿಹಾಸದ ಒಂದು ಕುತೂಹಲಕರ ಅಧ್ಯಾಯ.

ನೋವಿಗೆ ಮದ್ದಿರಲಿಲ್ಲವೆಂದಲ್ಲ. ಜರ್ಮನಿಯ ಔಷಧ ತಯಾರಕ ಸೆರ್ಟುರ್ನರ್ 19ನೇ ಶತಮಾನದ ಮೊದಲ ವರ್ಷಗಳಲ್ಲೇ ಅಫೀಮಿನಿಂದ ಮಾರ್ಫೀನನ್ನು ಬೇರ್ಪಡಿಸಿದ್ದ. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಅದನ್ನು ಸೂಜಿಯ ಮೂಲಕ ಚರ್ಮದಡಿಗೆ ಕೊಡುವ ಕ್ರಮವನ್ನು ಬಳಕೆಗೆ ತಂದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಯಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ. ಮದ್ದು ಕೈಯಲ್ಲಿತ್ತು, ಕೊಡಲು ಕೈ ಹಿಂಜರಿಯುತ್ತಿತ್ತು.

ಹಿಂಜರಿಕೆಗೆ ಕಾರಣವಿತ್ತು. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಜಕಾರಿ ಕೋಪ್ 1921ರಲ್ಲಿ ತೀವ್ರ ಹೊಟ್ಟೆನೋವಿನ ರೋಗಪತ್ತೆಯ ಬಗ್ಗೆ ಒಂದು ಪುಸ್ತಕ ಬರೆದ. ಕಾರಣ ತಿಳಿಯುವ ಮುನ್ನ ಮಾರ್ಫೀನ್ ಕೊಡಬಾರದು ಎಂಬುದು ಅದರ ಎಚ್ಚರಿಕೆಗಳಲ್ಲಿ ಒಂದು. ಆಗ ಸ್ಕ್ಯಾನ್ ಇರಲಿಲ್ಲ, ಪೆನಿಸಿಲಿನ್ ಇರಲಿಲ್ಲ. ಹೊಟ್ಟೆಯೊಳಗೆ ಏನಾಗಿದೆಯೆಂದು ತಿಳಿಯಲು ವೈದ್ಯನಿಗಿದ್ದ ಮುಖ್ಯ ದಾರಿಯೆಂದರೆ ಅವನ ಬೆರಳುಗಳು ಮತ್ತು ಅವು ಒತ್ತಿದೆಡೆ ರೋಗಿ ಮುಖ ಕಿವಿಚುವ ಬಗೆ. ಮದ್ದಿನಿಂದ ನೋವು ಅಡಗಿದರೆ ರೋಗಿಗೂ ಮನೆಯವರಿಗೂ ನೆಮ್ಮದಿ. ಒಳಗೆ ಅಪೆಂಡಿಕ್ಸ್ ಒಡೆದಿದ್ದರೆ ಆ ನೆಮ್ಮದಿಯೇ ಮೃತ್ಯು. ಆ ಕಾಲಕ್ಕೆ ಈ ನಿಯಮ ವಿವೇಕದ್ದೇ ಆಗಿತ್ತು.

ಕಾಲ ಬದಲಾಯಿತು, ನಿಯಮ ಉಳಿಯಿತು. ಪ್ರತಿಜೀವಕಗಳು ಬಂದವು, 1971ರಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು, 1979ರಲ್ಲಿ ಅಮೆರಿಕದಲ್ಲಿ ತುರ್ತುಚಿಕಿತ್ಸೆಗೆ ಪ್ರತ್ಯೇಕ ವೈದ್ಯಶಾಖೆಯೆಂಬ ಮನ್ನಣೆ ದೊರೆಯಿತು. ಆದರೂ 1989ರಲ್ಲಿ ವಿಲ್ಸನ್ ಮತ್ತು ಪೆಂಡಲ್‌ಟನ್ ಎಂಬ ಅಮೆರಿಕನ್ ವೈದ್ಯರು ತೀವ್ರ ನೋವಿನಿಂದ ತುರ್ತು ವಿಭಾಗಕ್ಕೆ ಬಂದು ದಾಖಲಾದ 198 ಮಂದಿಯ ಕಡತ ತೆಗೆದು ನೋಡಿದಾಗ, ಅವರಲ್ಲಿ ಶೇ. 56ರಷ್ಟು ಜನರಿಗೆ ಅಲ್ಲಿ ಯಾವ ನೋವುನಿವಾರಕವೂ ಸಿಕ್ಕಿರಲಿಲ್ಲ. ಸಿಕ್ಕವರಲ್ಲೂ ಹೆಚ್ಚಿನವರು ಒಂದು ಗಂಟೆಗೂ ಮೀರಿ ಕಾದಿದ್ದರು.

ನಿಯಮವನ್ನು ಪರೀಕ್ಷೆಗೆ ಒಡ್ಡುವ ಕೆಲಸವೂ ನಡೆಯಿತು. 1992ರಲ್ಲಿ ಬ್ರಿಟನ್ನಿನ ವೈದ್ಯರು ತೀವ್ರ ಹೊಟ್ಟೆನೋವಿನ 100 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಫೀಮಿನ ಅಂಶದ ಇಂಜೆಕ್ಷನ್, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟರು. ಮದ್ದು ಪಡೆದವರ ನೋವು ಇಳಿಯಿತು. ಅದರಿಂದ ರೋಗಪತ್ತೆಗೆ ಅಡ್ಡಿಯಾಗಲಿಲ್ಲ. ನೋವಿನಿಂದ ಬಿಗಿಹಿಡಿದ ಹೊಟ್ಟೆಗಿಂತ ಸಡಿಲಗೊಂಡ ಹೊಟ್ಟೆಯನ್ನು ಪರೀಕ್ಷಿಸುವುದು ಸುಲಭ. ಮುಂದಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿ ಸಾಗಿದವು. ಕೋಪ್ ತೀರಿಕೊಂಡ ಬಳಿಕ ಬೇರೆಯವರು ಪರಿಷ್ಕರಿಸಿದ ಅವನದೇ ಪುಸ್ತಕ ಹಳೆಯ ನಿಯಮವನ್ನು ಕೈಬಿಟ್ಟಿತು.

ನೋವನ್ನು ಹೊರಗಿನಿಂದ ಅಳೆಯಲಾಗದೆಂಬುದೂ ಈ ಹೊತ್ತಿಗೆ ಮನದಟ್ಟಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಗಾಯಾಳು ಸೈನಿಕರನ್ನು ಕಂಡಿದ್ದ ಅರಿವಳಿಕೆ ತಜ್ಞ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡವರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಮದ್ದು ಬೇಡವೆಂದರೆಂದು 1946ರಲ್ಲಿ ಬರೆದಿದ್ದ. ರಣರಂಗದಿಂದ ಬದುಕಿ ಬಂದೆನೆಂಬ ಸಮಾಧಾನ ಇದಕ್ಕೆ ಕಾರಣವಿರಬೇಕೆಂದು ಅವನ ಊಹೆ. ದೊಡ್ಡ ಗಾಯಕ್ಕೆ ಸಣ್ಣ ನೋವು, ಸಣ್ಣ ಗಾಯಕ್ಕೆ ದೊಡ್ಡ ನೋವು ಇರಬಹುದಾದರೆ, ರೋಗಿಯನ್ನೇ ಕೇಳಬೇಕು, ಅವನ ಮಾತನ್ನು ನಂಬಬೇಕು. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಗೋಲಿನ ಹಿಂದಿರುವ ತತ್ವ ಇದೇ.

ಆದರೆ ತಕ್ಕಡಿ ಇನ್ನೊಂದು ಕಡೆಗೂ ವಾಲಿತು. 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆ ಮಾರುಕಟ್ಟೆಗೆ ಬಂದ ನಂತರ ಅಮೆರಿಕದಲ್ಲಿ ಅಫೀಮು ವರ್ಗದ ಔಷಧಗಳ ಬಳಕೆ ಮಿತಿಮೀರಿ, ವ್ಯಸನವೂ ಸಾವೂ ಹೆಚ್ಚಿದವು. ಕೊಡದಿರುವುದು ತಪ್ಪಾದಂತೆ ಕೈತುಂಬ ಕೊಡುವುದೂ ತಪ್ಪೆಂದಾಯಿತು. ತುರ್ತುಚಿಕಿತ್ಸಾ ವೈದ್ಯರಿಗೆ ನೋವಿನ ವಿಷಯದಲ್ಲೇ ಹೆಚ್ಚಿನ ತರಬೇತಿ ಬೇಕೆಂಬ ಕೂಗಿಗೆ ಬಲ ಬಂದದ್ದು ಹೀಗೆ. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿರುವ ಸೇಂಟ್ ಜೋಸೆಫ್ಸ್ ಆಸ್ಪತ್ರೆ 2016ರಲ್ಲಿ ಅಫೀಮೇತರ ಮದ್ದುಗಳಿಗೆ ಆದ್ಯತೆ ಕೊಡುವ ಕ್ರಮವನ್ನು ತನ್ನ ತುರ್ತು ವಿಭಾಗದಲ್ಲಿ ಆರಂಭಿಸಿತು.

ಇಂಥ ತರಬೇತಿಯ ತಿರುಳಿಗೆ ಒಂದು ಉದಾಹರಣೆ ಸಾಕು. ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧೆಗೆ ಮಾರ್ಫೀನ್ ಹೆಚ್ಚಾದರೆ ಮಂಪರು, ಗೊಂದಲ, ಉಸಿರಾಟದ ತೊಂದರೆ. ಬದಲಿಗೆ ಅಲ್ಟ್ರಾಸೌಂಡ್ ಪರದೆಯಲ್ಲಿ ತೊಡೆಸಂದಿಯ ಪದರಗಳನ್ನು ನೋಡುತ್ತ, ನರದ ಸಮೀಪಕ್ಕೆ ಸೂಜಿ ಹಾಯಿಸಿ ಮರಗಟ್ಟಿಸುವ ಔಷಧ ಬಿಟ್ಟರೆ ನೋವಿನ ಸುದ್ದಿ ಮಿದುಳಿಗೆ ತಲುಪುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆಕೆ ಮಕ್ಕಳೊಡನೆ ಎಚ್ಚರದಿಂದ ಮಾತಾಡಬಲ್ಲಳು. ಆದರೆ ಸೂಜಿ ರಕ್ತನಾಳಕ್ಕೆ ಹೊಕ್ಕರೆ ಅಪಾಯ. ಪುಸ್ತಕದಿಂದಲ್ಲ, ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕಾದ ವಿದ್ಯೆ ಇದು.

ಅಫೀಮು ಬೆಳೆಯುವ ಭಾರತದಲ್ಲಿ ಕಥೆ ಬೇರೆಯದು. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಯಿಂದಾಗಿ ರೋಗಿಗಳಿಗೂ ಮಾರ್ಫೀನ್ ದುರ್ಲಭವಾಯಿತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ತುರ್ತುಚಿಕಿತ್ಸೆಗೆ ಇಲ್ಲಿ ಪ್ರತ್ಯೇಕ ಶಾಖೆಯ ಮನ್ನಣೆ ಸಿಕ್ಕಿದ್ದು 2009ರಲ್ಲಿ. ಕಾನೂನು ಸಡಿಲವಾದಷ್ಟಕ್ಕೇ ನರಳುವವರ ನೋವು ತಗ್ಗದು. ಯಾವ ಮದ್ದನ್ನು ಯಾರಿಗೆ, ಎಷ್ಟು, ಯಾವಾಗ ಕೊಡಬೇಕೆಂದು ಬಲ್ಲ ವೈದ್ಯರು ಆ ನಡುರಾತ್ರಿಯಲ್ಲಿ ಅಲ್ಲಿರಬೇಕು.